ಪಾದ್ರಿಗಳಿಲ್ಲದ ಊರಿನಲ್ಲಿ ಉಪದೇಶಿ: ಕರುಮತ್ತಂಪಟ್ಟಿಯ ಒಂದು ಚರಿತ್ರೆ



ನಮ್ಮ ಅನ್ನೂರಿನಿಂದ ಕರುಮತ್ತಂಪಟ್ಟಿ ಏನೂ ದೂರವಲ್ಲ. ಕೊಯಮತ್ತೂರು ಅವಿನಾಶಿ ಹೆದ್ದಾರಿಯಲ್ಲಿ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ದೊಡ್ಡ ಚರ್ಚನ್ನು ನೋಡದವರು ಕಡಿಮೆ. ಅಕ್ಟೋಬರ್ ತಿಂಗಳಲ್ಲಿ ಅಲ್ಲಿ ಜಪಮಾಲೆ ಮಾತೆಯ ಜಾತ್ರೆ. ಯಾವ ಧರ್ಮದವರಾದರೂ ಸರಿ, ಸುತ್ತಲಿನ ಹಳ್ಳಿಯವರು "ಮಾತಾ ಕೋವಿಲ್ ತೇರು" ಎಂದು ಹೋಗಿ ಬರುತ್ತಾರೆ. 2019ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಗೌರವವೂ ಸಿಕ್ಕಿತು. ಆದರೆ ಆ ಕಟ್ಟಡದ ಹಿಂದೆ ಕನ್ನಡ ನಾಡಿಗೂ ಸೇರಿದ ಒಂದು ಚರಿತ್ರೆ ಇದೆ ಎಂಬುದು ನಮ್ಮ ಶಾಲೆಗಳ ಮಕ್ಕಳಿಗಿರಲಿ, ನಮ್ಮ ಶಿಕ್ಷಕ ಮಿತ್ರರಿಗೂ ಗೊತ್ತಿರುವುದಿಲ್ಲ. ಪಠ್ಯಪುಸ್ತಕದಲ್ಲಿ ಇಲ್ಲವಲ್ಲ!

ನಾನು ಇಲ್ಲಿ ಹೇಳಹೊರಟಿರುವುದು ಚರ್ಚಿನ ಕಟ್ಟಡದ ಕಥೆಯನ್ನಲ್ಲ. ಒಂದು ಚಿಕ್ಕ ಸಭೆ, ಅಂದರೆ ನಲವತ್ತು ಐವತ್ತು ಮನೆಗಳ ಒಂದು ಭಕ್ತಸಮುದಾಯ, ನಡೆಸುವವರೇ ಇಲ್ಲದಾಗ ಹೇಗೆ ಉಳಿಯುತ್ತದೆ, ಅದನ್ನು ಯಾರು ನಡೆಸಬೇಕು ಎಂಬ ಪ್ರಶ್ನೆಗೆ ನಮ್ಮ ಈ ಊರಿನ ಬದಿಯಲ್ಲೇ ಒಂದು ದೊಡ್ಡ ವಾದ ನಡೆಯಿತು. ಆ ವಾದಕ್ಕಾಗಿ ಒಬ್ಬ ಬಿಷಪ್ ತನ್ನ ಪದವಿಯನ್ನೇ ಬಿಟ್ಟು ಹೋದರು. ಅದನ್ನು ಬರೆಯಬೇಕು ಅನ್ನಿಸಿತು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

17ನೇ ಶತಮಾನದ ನಡುಭಾಗದಲ್ಲಿ ಮೈಸೂರು ಅರಸರು ಘಟ್ಟ ಇಳಿದು ಸತ್ಯಮಂಗಲ, ದಣಾಯಕನ ಕೋಟೆಗಳ ಕಡೆಗೆ ಬಂದರು. ಮುಂದೆ 1799ರಲ್ಲಿ ಶ್ರೀರಂಗಪಟ್ಟಣ ಬೀಳುವ ತನಕ ಈ ಕೊಯಮತ್ತೂರು ಸೀಮೆ ಬಹುಪಾಲು ಮೈಸೂರಿನದೇ. ಸರಕಾರದ ಲೆಕ್ಕಪತ್ರ ಕನ್ನಡದಲ್ಲಿ, ಸಂತೆಯ ಮಾತು ತಮಿಳಿನಲ್ಲಿ, ನೇಕಾರ ದೇವಾಂಗರ ಮನೆಯ ಮಾತು ಕನ್ನಡದಲ್ಲಿ, ಒಕ್ಕಲಿಗ ಗೌಡರ ಮನೆಯ ಮಾತೂ ಕನ್ನಡದಲ್ಲಿ. ಇವತ್ತಿಗೂ ಅನ್ನೂರು, ಕಾರಮಡೆ, ಸಿರುಮುಗೈ ಕಡೆ ಹೋದರೆ ಅಜ್ಜಿಯರು ಮೊಮ್ಮಕ್ಕಳನ್ನು ಕನ್ನಡದಲ್ಲೇ ಬೈಯುತ್ತಾರೆ. ಮೊಮ್ಮಕ್ಕಳು ತಮಿಳಿನಲ್ಲಿ ಉತ್ತರ ಕೊಡುತ್ತಾರೆ, ಅದು ಬೇರೆ ಮಾತು!

ಅದೇ ಕಾಲದಲ್ಲಿ ಯೇಸುಸಭೆಯ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಎಂಬುವರು ಶ್ರೀರಂಗಪಟ್ಟಣಕ್ಕೆ ಬಂದರು. ಆಗ ಕಂಠೀರವ ನರಸರಾಜ ಒಡೆಯರ ಆಳ್ವಿಕೆ. ಚಿನ್ನಾಮಿಯವರು ಕನ್ನಡ ಕಲಿತರು, ಕನ್ನಡಕ್ಕೆ ಒಂದು ವ್ಯಾಕರಣ, ಒಂದು ನಿಘಂಟು, ಧರ್ಮೋಪದೇಶದ ಪುಸ್ತಕ ಬರೆದರು. ಅವರು ಕಟ್ಟಿದ್ದೇ ಮೈಸೂರು ಮಿಷನ್. ಘಟ್ಟದ ಮೇಲೆ ಕನ್ನಡ, ಘಟ್ಟ ಇಳಿದರೆ ತಮಿಳು, ಹೀಗೆ ಎರಡು ಭಾಷೆಯ ಮಿಷನ್ ಅದು. ಸತ್ಯಮಂಗಲ ಅದರ ಒಂದು ಮುಖ್ಯ ಠಾಣೆ. ಕರುಮತ್ತಂಪಟ್ಟಿಯ ಸಭೆಯೂ ಆ ಶತಮಾನದ್ದೇ, 1640ರ ಸುಮಾರಿಗೆ ಆರಂಭವಾಯಿತೆಂದು ಅಲ್ಲಿಯ ಪರಂಪರೆ ಹೇಳುತ್ತದೆ.

ಈಗ ಲೆಕ್ಕ ಹಾಕಿ. ಕಾವೇರಿಯಿಂದ ನೊಯ್ಯಲ್ ನದಿಯವರೆಗಿನ ಸೀಮೆ, ನಡುವೆ ದಿಂಬಂ ಘಟ್ಟ, ಅಲ್ಲಲ್ಲಿ ಚದುರಿದ ಹತ್ತಾರು ಚಿಕ್ಕ ಸಭೆಗಳು. ಪಾದ್ರಿಗಳು ಬೆರಳೆಣಿಕೆಯಷ್ಟು. ಒಂದು ಊರಿಗೆ ಪಾದ್ರಿ ಬರುವುದು ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಬಂದಾಗ ನಾಲ್ಕು ದಿನ ಇದ್ದು ಪಾಪನಿವೇದನೆ ಕೇಳಿ, ಹುಟ್ಟಿದ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟು, ಮದುವೆ ಮಾಡಿಸಿ, ಪೂಜೆ ಅರ್ಪಿಸಿ ಮುಂದಿನ ಊರಿಗೆ ಹೊರಟರು. ಉಳಿದ 360 ದಿನ?

ಆ 360 ದಿನ ನಡೆಸಿದವನು ಉಪದೇಶಿ. ತಮಿಳಿನಲ್ಲಿ ಉಪದೇಶಿಯಾರ್ ಎನ್ನುತ್ತಾರೆ. ಅವನಿಗೆ ಗುರುಪಟ್ಟ ಇರಲಿಲ್ಲ. ಹೆಂಡತಿ ಮಕ್ಕಳಿರುವ ಸಂಸಾರಸ್ಥ, ಅದೇ ಊರಿನವನು ಅಥವಾ ಪಕ್ಕದ ಊರಿನವನು. ಭಾನುವಾರ ಜನರನ್ನು ಸೇರಿಸಿ ಪ್ರಾರ್ಥನೆ ಹೇಳಿಸುವುದು ಅವನ ಕೆಲಸ. ಮಕ್ಕಳಿಗೆ ಪ್ರಶ್ನೋತ್ತರ ರೂಪದ ಧರ್ಮಪಾಠವನ್ನು ಬಾಯಿಪಾಠ ಮಾಡಿಸುವವನು ಅವನೇ. ಅಕ್ಷರ ಬಲ್ಲವನಾದರೆ ಅಕ್ಷರವನ್ನೂ ಕಲಿಸುತ್ತಿದ್ದ. ರೋಗಿಯ ಹಾಸಿಗೆಯ ಬದಿಯಲ್ಲಿ ಕುಳಿತು ಪ್ರಾರ್ಥಿಸುವುದು, ಸತ್ತವರನ್ನು ಮಣ್ಣು ಮಾಡಿಸುವುದು, ಮಗು ಸಾಯುವ ಸ್ಥಿತಿಯಲ್ಲಿದ್ದರೆ ತಾನೇ ನೀರು ಹಾಕಿ ದೀಕ್ಷಾಸ್ನಾನ ಕೊಡುವುದು (ಅಂಥ ತುರ್ತಿನಲ್ಲಿ ಯಾರು ಬೇಕಾದರೂ ಕೊಡಬಹುದೆಂದು ಅವರ ಸಭೆಯ ನಿಯಮವೇ ಇದೆ), ಊರ ಜಗಳ ಬಿಡಿಸುವುದು, ಪಾದ್ರಿ ಬಂದ ದಿನ ಯಾರು ಹುಟ್ಟಿದರು ಯಾರು ಸತ್ತರು ಎಂದು ಲೆಕ್ಕ ಒಪ್ಪಿಸುವುದು, ಎಲ್ಲ ಅವನದೇ.

ನಮ್ಮಲ್ಲಿ ಏಕೋಪಾಧ್ಯಾಯ ಶಾಲೆ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಠ ಮಾಡುವವನೂ ನೀನೇ, ಗಂಟೆ ಹೊಡೆಯುವವನೂ ನೀನೇ, ರಿಜಿಸ್ಟರ್ ಬರೆಯುವವನೂ ನೀನೇ. ಇನ್‌ಸ್ಪೆಕ್ಟರ್ ಸಾಹೇಬರು ವರ್ಷಕ್ಕೊಮ್ಮೆ ಬಂದು ಸಹಿ ಹಾಕಿ ಹೋಗುತ್ತಾರೆ!

ಈ ಉಪದೇಶಿಗಳ ಬೆಲೆ ಗೊತ್ತಾದದ್ದು ಪಾದ್ರಿಗಳು ಪೂರ್ತಿ ಇಲ್ಲದಾದಾಗ. 1759ರಲ್ಲಿ ಪೋರ್ಚುಗಲ್ ಸರಕಾರ ತನ್ನ ರಾಜ್ಯದಿಂದ ಯೇಸುಸಭೆಯವರನ್ನು ಹೊರಹಾಕಿತು. 1773ರಲ್ಲಿ ಪೋಪರೇ ಆ ಸಂಘವನ್ನು ವಿಸರ್ಜಿಸಿದರು. ಯೂರೋಪಿನ ರಾಜಕೀಯದಲ್ಲಿ ಬರೆದ ಒಂದು ಕಾಗದಕ್ಕೆ ಕೊಂಗುನಾಡಿನ ಹಳ್ಳಿಗಳ ಸಭೆಗಳು ಅನಾಥವಾದವು. ಹೊಸ ಪಾದ್ರಿಗಳು ಬರುವ ದಾರಿ ಮುಚ್ಚಿತು, ಇದ್ದವರಿಗೆ ವಯಸ್ಸಾಯಿತು. 1776ರಲ್ಲಿ ಪಾಂಡಿಚೇರಿಯ ಮಿಷನ್ ಪ್ಯಾರಿಸಿನ ಹೊರನಾಡು ಮಿಷನ್ ಸಂಘದ ಕೈಗೆ ಬಂತು. ಆದರೆ ಅವರಲ್ಲಿಯೂ ಜನ ಇರಲಿಲ್ಲ. ಮೇಲಿಂದ ಮೇಲೆ ಮೈಸೂರಿಗೂ ಕಂಪನಿಗೂ ಯುದ್ಧ. ಕೊಯಮತ್ತೂರು ಕೋಟೆ ಒಮ್ಮೆ ಇವರ ಕೈಗೆ, ಒಮ್ಮೆ ಅವರ ಕೈಗೆ. 1790ರಲ್ಲಿ ಇಂಗ್ಲಿಷರು ಹಿಡಿದರು, 1791ರಲ್ಲಿ ಟಿಪ್ಪುವಿನ ಸೇನೆ ಮರಳಿ ಹಿಡಿಯಿತು, 1799ರಲ್ಲಿ ಕೊನೆಗೆ ಕಂಪನಿಯದಾಯಿತು. ದಾರಿಯ ಊರುಗಳು ಏನಾಗಿರಬೇಕು, ಯೋಚಿಸಿ. ಟಿಪ್ಪುವಿನ ಕಾಲದಲ್ಲಿ ಕ್ರೈಸ್ತರು ಪಟ್ಟ ಕಷ್ಟವೂ ಇದಕ್ಕೆ ಸೇರಿತು.

ಆಗ ಬಂದವರು ಅಬ್ಬೆ ದುಬಾಯ್. ಇವರ ಹೆಸರನ್ನು ಇತಿಹಾಸ ಓದಿದವರು ಕೇಳಿರುತ್ತೀರಿ. 1792ರಲ್ಲಿ ಭಾರತಕ್ಕೆ ಬಂದು, ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಹೋಗಿ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಮೈಸೂರು ಸೀಮೆಯ ಜನ ಇವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆಯುತ್ತಿದ್ದರಂತೆ. ಹಾಸನದ ಬಳಿ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ಊರು ಕಟ್ಟಿದರು. ಸಿಡುಬಿಗೆ ದಾಕು ಹಾಕಿಸುವ ಕೆಲಸಕ್ಕೆ ನಿಂತು 1803-04ರ ಸಾಲಿನಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿಸಿದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಇವರದೆಂದು ಪ್ರಸಿದ್ಧವಾದ ಗ್ರಂಥದ ಹಸ್ತಪ್ರತಿಯನ್ನು ಕಂಪನಿ ಸರಕಾರ 1807ರಲ್ಲಿ ಕೊಂಡುಕೊಂಡಿತು. ಅದರ ಬಹುಭಾಗ ಹಳೆಯ ಯೇಸುಸಭೆಯ ಕೂರ್ಡೂ ಎಂಬ ಪಾದ್ರಿಯ ಬರಹದಿಂದ ತೆಗೆದದ್ದೆಂದು 1980ರ ದಶಕದಲ್ಲಿ ಫ್ರೆಂಚ್ ಸಂಶೋಧಕಿಯೊಬ್ಬರು ತೋರಿಸಿಕೊಟ್ಟರು. ಅದಿರಲಿ.

ಇಷ್ಟೆಲ್ಲ ಮಾಡಿದ ದುಬಾಯ್ 1823ರಲ್ಲಿ ಊರಿಗೆ ಹೊರಟಾಗ ಪೂರ್ತಿ ನಿರಾಶರಾಗಿದ್ದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತ ಸಭೆಗಳು ಕ್ಷೀಣಿಸುತ್ತಿವೆ, ಇನ್ನು ಬೆಳೆಯುವ ಆಸೆ ಇಲ್ಲ ಎಂದು ಖಂಡಿತವಾಗಿ ಬರೆದರು. ಮೂವತ್ತು ವರ್ಷ ದುಡಿದವರ ಮಾತು, ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಒಂದು ಪ್ರಶ್ನೆ ಏಳುತ್ತದೆ. ಪಾದ್ರಿಗಳೇ ಇಲ್ಲದ ಅಷ್ಟು ವರ್ಷ ಆ ಸಭೆಗಳು ಅಳಿಯದೆ ದುಬಾಯ್ ಬರುವ ತನಕ ಉಳಿದದ್ದಾದರೂ ಹೇಗೆ? ಉಳಿಸಿದವರು ಊರಿನವರೇ ತಾನೇ?

ಇಂಥದೇ ಸಂಗತಿ ಜಪಾನಿನಲ್ಲಿ ಇನ್ನೂ ದೊಡ್ಡದಾಗಿ ನಡೆದಿದೆ. ಅಲ್ಲಿ 17ನೇ ಶತಮಾನದಲ್ಲಿ ಕ್ರೈಸ್ತಮತವನ್ನೇ ನಿಷೇಧಿಸಿ ಪಾದ್ರಿಗಳನ್ನು ಕೊಂದರು, ಓಡಿಸಿದರು. ಇನ್ನೂರು ವರ್ಷಕ್ಕೂ ಮೇಲೆ ಒಬ್ಬ ಪಾದ್ರಿಯೂ ಇಲ್ಲ. 1865ರ ಮಾರ್ಚ್‌ನಲ್ಲಿ ನಾಗಸಾಕಿಯಲ್ಲಿ ಪ್ಯಾರಿಸ್ ಸಂಘದ ಪಾದ್ರಿ ಪೆತಿಜಾನ್ ಹೊಸ ಚರ್ಚೊಂದನ್ನು ತೆರೆದಿದ್ದಾಗ, ಹತ್ತಿರದ ಉರಕಾಮಿ ಹಳ್ಳಿಯ ರೈತರು, ಅವರಲ್ಲಿ ಹೆಂಗಸರೂ ಇದ್ದರು, ಬಂದು ನಾವೂ ನಿಮ್ಮವರೇ ಎಂದು ಗುಟ್ಟಾಗಿ ತಿಳಿಸಿದರು. ಪ್ರತಿ ಹಳ್ಳಿಯಲ್ಲೂ ಹಬ್ಬದ ದಿನಗಳ ಪಂಚಾಂಗ ಇಟ್ಟುಕೊಂಡು ಪ್ರಾರ್ಥನೆ ನಡೆಸುವವನೊಬ್ಬ, ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವನೊಬ್ಬ, ಹೀಗೆ ಕೆಲಸ ಹಂಚಿಕೊಂಡು ತಲೆಮಾರಿನಿಂದ ತಲೆಮಾರಿಗೆ ನಡೆಸಿಕೊಂಡು ಬಂದಿದ್ದರು.

ಈಗ ಕರುಮತ್ತಂಪಟ್ಟಿಗೆ ಮರಳೋಣ. ನಮ್ಮ ಕಥೆಯ ಮುಖ್ಯ ವ್ಯಕ್ತಿ ಬರುವುದು ಈಗ.

ಮೆಲ್ಕಿಯೋರ್ ದ ಮಾರಿಯೋಂ ಬ್ರೆಸಿಯಾಕ್. 1813ರಲ್ಲಿ ದಕ್ಷಿಣ ಫ್ರಾನ್ಸಿನ ಕಾಸ್ತೆಲ್ನೊದರಿ ಎಂಬ ಊರಿನಲ್ಲಿ ಹುಟ್ಟಿದವರು. 1842ರಲ್ಲಿ ಪಾಂಡಿಚೇರಿಗೆ ಬಂದು, ತಮಿಳು ಕಲಿತು, ಸೇಲಂನಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ಪಾಂಡಿಚೇರಿಯ ಸೆಮಿನರಿಯ ಮುಖ್ಯಸ್ಥರಾದರು. ಸೆಮಿನರಿ ಅಂದರೆ ಪಾದ್ರಿಗಳಾಗುವವರ ತರಬೇತಿ ಶಾಲೆ, ನಮ್ಮ ಟಿ.ಸಿ.ಎಚ್. ಇದ್ದ ಹಾಗೆ ಅಂದುಕೊಳ್ಳಿ, ಆದರೆ ವರ್ಷಗಳು ಬಹಳ ಹೆಚ್ಚು.

1844ರಲ್ಲಿ ಪಾಂಡಿಚೇರಿಯಲ್ಲಿ ಬಿಷಪ್ ಬೊನ್ನಾಂ ಅವರು ಪಾದ್ರಿಗಳ ಒಂದು ಮಹಾಸಭೆ ಸೇರಿಸಿದರು. ದೇಶೀಯ ಪಾದ್ರಿಗಳನ್ನು ತಯಾರು ಮಾಡುವುದು, ಶಾಲೆಗಳು, ಉಪದೇಶಿಗಳ ತರಬೇತಿ, ಇವೆಲ್ಲ ಅಲ್ಲಿ ಚರ್ಚೆಯಾದವು. ಅದರ ವರದಿ ರೋಮಿಗೆ ಹೋಯಿತು. 1845ರ ನವೆಂಬರ್ 23ರಂದು ರೋಮಿನಿಂದ ಒಂದು ಆದೇಶ ಹೊರಟಿತು: ಎಲ್ಲ ಮಿಷನ್‌ಗಳೂ ದೇಶೀಯ ಪಾದ್ರಿಗಳನ್ನು ಬೆಳೆಸಬೇಕು, ಅವರನ್ನು ಬರೀ ಸಹಾಯಕರನ್ನಾಗಿ ಇಟ್ಟುಕೊಳ್ಳಬಾರದು, ಬಿಷಪ್ ಪದವಿಯವರೆಗೂ ಅವರು ಏರುವಂತಾಗಬೇಕು.

ಕಾಗದದ ಮೇಲೆ ಎಲ್ಲ ಸರಿ. ನಮಗೆ ಗೊತ್ತಿಲ್ಲವೇ, ಸುತ್ತೋಲೆ ಬರುವುದಕ್ಕೂ ಜಾರಿಯಾಗುವುದಕ್ಕೂ ಇರುವ ಅಂತರ?

ಅದೇ ಹೊತ್ತಿಗೆ ಕೊಯಮತ್ತೂರು ಸೀಮೆಯನ್ನು ಪಾಂಡಿಚೇರಿಯಿಂದ ಬೇರೆ ಮಾಡಿ ಬ್ರೆಸಿಯಾಕ್ ಅವರ ಕೈಗೆ ಕೊಟ್ಟರು. 1846ರ ಅಕ್ಟೋಬರ್ 4ರಂದು ಕರುಮತ್ತಂಪಟ್ಟಿಯಲ್ಲೇ ಅವರಿಗೆ ಬಿಷಪ್ ಪಟ್ಟ ಆಯಿತು. ಕೊಯಮತ್ತೂರು ಪಟ್ಟಣದಲ್ಲಿ ಅಲ್ಲ, ಈ ಹಳ್ಳಿಯಲ್ಲಿ! ಆಗ ಅವರಿಗೆ ಇನ್ನೂ 33 ತುಂಬಿರಲಿಲ್ಲ. ಪಟ್ಟಕ್ಕೆ ಬೇಕಾದ ಹಳೆಯ ಸಭೆ ಇದ್ದದ್ದು ಇಲ್ಲೇ. ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಇಲ್ಲೇ ಒಂದು ಸೆಮಿನರಿ ತೆರೆದದ್ದು. ಆಮೇಲೆ ಅದು ಕೊಯಮತ್ತೂರಿಗೆ ಹೋಯಿತು.

ಅವರ ವಾದ ಸರಳ. ಹೊರಗಿನಿಂದ ಬಂದವರು ಎಷ್ಟೇ ಒಳ್ಳೆಯವರಾದರೂ ಇಂದು ಇರುತ್ತಾರೆ, ನಾಳೆ ರೋಗ ಬಂದು ಸಾಯುತ್ತಾರೆ ಅಥವಾ ವರ್ಗವಾಗಿ ಹೋಗುತ್ತಾರೆ. ಸಭೆ ತನ್ನ ಕಾಲಮೇಲೆ ನಿಲ್ಲಬೇಕಾದರೆ ಅದನ್ನು ನಡೆಸುವವನು ಅದರೊಳಗಿನಿಂದಲೇ ಹುಟ್ಟಬೇಕು. ಉಪದೇಶಿ ಇದ್ದಾನೆ, ಸರಿ, ಆದರೆ ಅವನಿಗೆ ಪೂಜೆ ಅರ್ಪಿಸುವ ಅಧಿಕಾರವಿಲ್ಲ, ಕೆಲಸ ಎಲ್ಲ ಅವನದು, ಮಾತು ಮಾತ್ರ ಹೊರಗಿನವರದು. ಇದು ಎಷ್ಟು ದಿನ?

ಎದುರುವಾದಿಗಳು ಬೇರೆ ಯಾರೂ ಅಲ್ಲ, ಅವರ ಜೊತೆಯ ಫ್ರೆಂಚ್ ಪಾದ್ರಿಗಳೇ. ಇಲ್ಲಿನವರಿಗೆ ಅಷ್ಟು ದೃಢತೆ ಇಲ್ಲ, ಆಳುವ ಶಕ್ತಿ ಇಲ್ಲ, ಸಹಾಯಕರಾಗಿ ಇರಲಿ, ಸಾಕು ಎಂಬುದು ಅನೇಕರ ಅಭಿಪ್ರಾಯ. ಇದು ನನಗೆ ಒಪ್ಪಿಗೆಯಾಗದ ಮಾತು. ಯಾಕೆಂದರೆ ಅದಕ್ಕೆ ಉತ್ತರ ಆಗಲೇ ನಮ್ಮ ಕರಾವಳಿಯಲ್ಲಿ ಸಿಕ್ಕಿತ್ತು. ಗೋವೆಯ ಬೆಣಾವ್ಲಿಯವರಾದ ಜೋಸೆಫ್ ವಾಜ್ ಎಂಬ ಪಾದ್ರಿ 1681ರಿಂದ 1684ರವರೆಗೆ ಕನ್ನಡ ಕರಾವಳಿಯಲ್ಲಿ, ಮಂಗಳೂರು, ಬಸರೂರು, ಗಂಗೊಳ್ಳಿ ಕಡೆ ಇದ್ದು ಒಡೆದುಹೋಗಿದ್ದ ಸಭೆಗಳನ್ನು ಸರಿಪಡಿಸಿದರು. ಆಮೇಲೆ 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ಹೋದರು. ಡಚ್ಚರು ಪಾದ್ರಿಗಳನ್ನು ಹೊರಹಾಕಿ ಅಲ್ಲಿ ಸುಮಾರು ಮೂವತ್ತು ವರ್ಷವಾಗಿತ್ತು. 1711ರಲ್ಲಿ ಕ್ಯಾಂಡಿಯಲ್ಲಿ ಸಾಯುವ ತನಕ ಅಲ್ಲಿದ್ದು ಆ ಸಭೆಯನ್ನು ಮತ್ತೆ ಕಟ್ಟಿದರು. ನಮ್ಮ ದೇಶದವರಿಗೆ ಶಕ್ತಿ ಇಲ್ಲ ಎಂದರೆ ಹೇಗೆ? ವಾಜ್ ಅವರನ್ನು 2015ರಲ್ಲಿ ಸಂತರೆಂದು ಘೋಷಿಸಿದರು.

ಬ್ರೆಸಿಯಾಕ್ ಅವರ ಕಾಲದಲ್ಲೇ ಮಂಗಳೂರಿನ ಬಾಸೆಲ್ ಮಿಷನ್‌ನಲ್ಲೂ ಇದೇ ಪ್ರಶ್ನೆ ಇತ್ತು. ಕನ್ನಡಿಗರಿಗೆ 1843ರ ಮಂಗಳೂರು ಸಮಾಚಾರದಿಂದ ಪರಿಚಯವಿರುವ ಮಿಷನ್ ಅದು. 1847ರಲ್ಲಿ ಅವರು ಬಲ್ಮಠದಲ್ಲಿ ಸೆಮಿನರಿ ತೆರೆದರು. 1844ರಲ್ಲಿ ಕ್ರೈಸ್ತರಾದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಬಂದು ಅದೇ ಸೆಮಿನರಿಯಲ್ಲಿ ಕಲಿಸಿದರು. ಎರಡು ಬೇರೆ ಸಭೆಗಳು, ಒಂದಕ್ಕೊಂದು ಆಗದವು, ಆದರೂ ಹತ್ತು ವರ್ಷದ ಒಳಗೆ ಒಂದೇ ದಾರಿ ಹುಡುಕಿದ್ದು ನೋಡಿ.

ಆದರೆ ಕರುಮತ್ತಂಪಟ್ಟಿಯ ಸೆಮಿನರಿಗೆ ಅಡ್ಡಿಗಳು ಬೇರೆ. ಕಲಿಕೆ ಲ್ಯಾಟಿನ್ ಭಾಷೆಯಲ್ಲಿ. ಪೂಜೆಯೂ ಲ್ಯಾಟಿನ್‌ನಲ್ಲೇ, 1960ರ ದಶಕದ ವ್ಯಾಟಿಕನ್ ಮಹಾಸಭೆಯ ತನಕ ಹಾಗೇ ಇತ್ತು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಯಾರೂ ಆಡದ ಮೂರನೆಯದು. ನಮ್ಮ ಗಡಿಯ ಮಕ್ಕಳ ಪಾಡು ಹೊಸದೇನಲ್ಲ! ಮತ್ತೆ, ಪಾದ್ರಿ ಆಗುವವನು ಮದುವೆಯಾಗುವಂತಿಲ್ಲ. ಒಕ್ಕಲು ಮಾಡುವ ಮನೆಯವರು ಒಬ್ಬನೇ ಮಗನನ್ನು ಬಿಟ್ಟುಕೊಡುವುದು ಸುಲಭವೇ?

ಇದೆಲ್ಲಕ್ಕಿಂತ ದೊಡ್ಡ ಅಡ್ಡಿ ಜಾತಿ. ಇದನ್ನು ಮುಚ್ಚಿಟ್ಟು ಬರೆದರೆ ಚರಿತ್ರೆಯಾಗುವುದಿಲ್ಲ. 17ನೇ ಶತಮಾನದ ಪಾದ್ರಿಗಳೇ ಮೇಲುಜಾತಿಯವರಿಗೆ ಬ್ರಾಹ್ಮಣ ಸಂನ್ಯಾಸಿಯ ವೇಷದಲ್ಲಿ ಒಬ್ಬರು, ಉಳಿದವರಿಗೆ ಪಂಡಾರಸ್ವಾಮಿಯ ವೇಷದಲ್ಲಿ ಇನ್ನೊಬ್ಬರು ಎಂದು ಭಾಗ ಮಾಡಿಕೊಂಡಿದ್ದರು. ಚರ್ಚಿನೊಳಗೆ ಪರೈಯರಿಗೆ ಬೇರೆ ಜಾಗ. ಸಾಯುತ್ತಿರುವ ಪರೈಯನ ಮನೆಯೊಳಗೆ ಪಾದ್ರಿ ಹೋಗಬೇಕೇ ಬೇಡವೇ ಎಂಬುದು ಕೂಡ ರೋಮಿನವರೆಗೆ ಹೋದ ವ್ಯಾಜ್ಯ. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಇಂಥ ಅನೇಕ ಆಚಾರಗಳನ್ನು ನಿಷೇಧಿಸಿದರು, ಪಾದ್ರಿಗಳೆಲ್ಲ ಅದಕ್ಕೆ ಪ್ರಮಾಣ ಮಾಡಬೇಕಿತ್ತು. ಪ್ರಮಾಣ ಮಾಡುತ್ತಿದ್ದರು, ಊರಿಗೆ ಬಂದರೆ ನಡೆಯುತ್ತಿದ್ದದ್ದು ಹಳೆಯದೇ. ಸಭೆಯ ಒಳಗಿನಿಂದಲೇ ನಾಯಕ ಬರಲಿ ಎಂದರೆ, ಯಾವ ಜಾತಿಯವನು ಬರಬೇಕು? ಅವನ ಕೈಯಿಂದ ಪ್ರಸಾದ ಯಾರು ತೆಗೆದುಕೊಳ್ಳುತ್ತಾರೆ? ಉಪದೇಶಿಯೂ ಈ ಲೆಕ್ಕದಿಂದ ತಪ್ಪಿಸಿಕೊಂಡವನಲ್ಲ. ಊರವನೇ ನಡೆಸಲಿ ಎಂಬ ಮಾತಿನಲ್ಲಿ ಊರಿನ ದೋಷವೂ ಒಳಗೆ ಬರುತ್ತದೆ, ಅದಕ್ಕೆ ಬ್ರೆಸಿಯಾಕ್ ಅವರಲ್ಲಿಯೂ ಸುಲಭದ ಉತ್ತರ ಇರಲಿಲ್ಲ.

ಅವರಿಗೆ ಬೇಕಾಗಿದ್ದದ್ದು ಸ್ಪಷ್ಟತೆ. ಈ ಆಚಾರಗಳನ್ನು ಬಿಡಬಹುದು ಎನ್ನಿ, ಇಲ್ಲವೇ ಕೂಡದು ಎನ್ನಿ. ನನ್ನ ಕೈಕೆಳಗಿನ ಒಬ್ಬೊಬ್ಬ ಪಾದ್ರಿ ಒಂದೊಂದು ರೀತಿ ನಡೆಸಿದರೆ ನಾನು ಆತ್ಮಸಾಕ್ಷಿಗೆ ಏನು ಹೇಳಲಿ ಎಂಬುದು ಅವರ ಕೊರಗು. ಜೊತೆಗೆ ಗೋವೆಯ ಪೋರ್ಚುಗೀಸ್ ಅಧಿಕಾರಕ್ಕೆ ಸೇರಿದ ಪಾದ್ರಿಗಳಿಗೂ ರೋಮಿನಿಂದ ನೇಮಕವಾದವರಿಗೂ ಇದ್ದ ಹಳೆಯ ಜಗಳ. ಐವತ್ತು ಮನೆಯ ಸಭೆಯೂ ಎರಡು ಪಂಗಡವಾಗುತ್ತಿದ್ದ ಕಾಲ ಅದು.

ಹೀಗಿದ್ದರೂ ಅವರು ಕೈಕಟ್ಟಿ ಕುಳಿತಿರಲಿಲ್ಲ. ಕೊಯಮತ್ತೂರಿನ ದೊಡ್ಡ ಚರ್ಚಿನ ಕೆಲಸ ಅವರ ಕಾಲದಲ್ಲೇ ಪ್ರಾರಂಭವಾಯಿತು. 1850ರಲ್ಲಿ ಕೊಯಮತ್ತೂರಿಗೆ ಪೂರ್ಣ ಸ್ವತಂತ್ರ ಸ್ಥಾನ ಸಿಕ್ಕಿ ಅವರೇ ಅದರ ಮೊದಲ ಮುಖ್ಯಸ್ಥರಾದರು. ಕೊಯಮತ್ತೂರು ಜಿಲ್ಲೆ ಅಂದರೆ ಆಗ ಈಗಿನಷ್ಟು ಅಲ್ಲ, ಕೊಳ್ಳೇಗಾಲವೂ ಅದರ ತಾಲೂಕು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಈಚೆಗೇ ಉಳಿಯಿತು. ಅದರ ಫಲವನ್ನು ನಾವು ಈಗಲೂ ಉಣ್ಣುತ್ತಿದ್ದೇವೆ.

1854ರ ಆರಂಭದಲ್ಲಿ ಬ್ರೆಸಿಯಾಕ್ ರೋಮಿಗೆ ಹೊರಟರು. ಮೇಲಿನವರ ಮುಂದೆ ನೇರವಾಗಿ ಹೇಳಿದರೆ ಉತ್ತರ ಸಿಗಬಹುದು ಎಂಬ ಆಸೆ. ಸಿಗಲಿಲ್ಲ. 1855ರ ಮಾರ್ಚ್‌ನಲ್ಲಿ ಅವರ ರಾಜೀನಾಮೆ ಅಂಗೀಕಾರವಾಯಿತು. ಕೊಯಮತ್ತೂರಿಗೆ ಅವರು ಮತ್ತೆ ಬರಲಿಲ್ಲ. ಇಲ್ಲಿ ಕಳೆದ ಹನ್ನೆರಡು ವರ್ಷಗಳ ನೆನಪನ್ನು ಮಾತ್ರ ಒಂದು ದೊಡ್ಡ ಗ್ರಂಥವಾಗಿ ಬರೆದಿಟ್ಟರು.

1856ರ ಡಿಸೆಂಬರ್ 8ರಂದು ಫ್ರಾನ್ಸಿನ ಲಿಯೋಂ ನಗರದಲ್ಲಿ ಅವರು ಆಫ್ರಿಕಾ ಮಿಷನ್ ಸಂಘ ಎಂಬ ಹೊಸ ಸಂಘ ಕಟ್ಟಿದರು. ಅಲ್ಲಿಯೂ ಮೊದಲ ಗುರಿ ಅದೇ: ಆಫ್ರಿಕದವರಿಂದಲೇ ಆಫ್ರಿಕದ ಸಭೆ ನಡೆಯಬೇಕು. ಇದನ್ನು ಅವರು ಕಲಿತದ್ದು ಕರುಮತ್ತಂಪಟ್ಟಿ, ಕೊಯಮತ್ತೂರುಗಳ ಧೂಳಿನಲ್ಲಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. 1859ರ ಮೇ 14ರಂದು ಸಿಯೆರಾ ಲಿಯೋನ್ ದೇಶದ ಫ್ರೀಟೌನ್‌ಗೆ ಬಂದಿಳಿದರು. ಊರಲ್ಲಿ ಹಳದಿ ಜ್ವರ. ಜೊತೆಯವರು ಒಬ್ಬೊಬ್ಬರಾಗಿ ಬಿದ್ದರು. ಜೂನ್ 25ರಂದು ಇವರೂ ತೀರಿಕೊಂಡರು. ಆಗ ಅವರ ವಯಸ್ಸು 45.

ಆಮೇಲೆ? ನಿಧಾನವಾಗಿ ದಾರಿ ತೆರೆಯಿತು. ಆಂಗ್ಲಿಕನ್ ಸಭೆಯಲ್ಲಿ 1912ರಲ್ಲಿ ತಿರುನೆಲ್ವೇಲಿ ಸೀಮೆಯ ಅಜರಯ್ಯನವರು ದೋರ್ನಕಲ್ಲಿನ ಬಿಷಪ್ ಆದರು, ಆ ಸಭೆಯ ಮೊದಲ ಭಾರತೀಯ ಬಿಷಪ್. ತೆಲುಗು ನಾಡಿನ ಹಳ್ಳಿಹಳ್ಳಿಗಳಲ್ಲಿ ಅವರು ಸಭೆಗಳನ್ನು ಕಟ್ಟಿದ್ದು ಹಳ್ಳಿಯ ಮೇಷ್ಟರುಗಳ ಮೂಲಕ. ಹಗಲು ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಪ್ರಾರ್ಥನೆ, ಎರಡನ್ನೂ ನಡೆಸುವವನು ಒಬ್ಬನೇ. ಲ್ಯಾಟಿನ್ ಪದ್ಧತಿಯ ಕ್ಯಾಥೋಲಿಕ್ ಸಭೆಯಲ್ಲಿ 1923ರಲ್ಲಿ ತೂತ್ತುಕುಡಿಗೆ ತಿಬುರ್ಸಿಯಸ್ ರೋಚ್ ಎಂಬ ಭಾರತೀಯರು ಬಿಷಪ್ ಆದರು. ರೋಮಿನ ಆ ಸುತ್ತೋಲೆ ಹೊರಟದ್ದು 1845ರಲ್ಲಿ ಎಂಬುದನ್ನು ನೆನಪಿಡಿ. ಜಾರಿಯಾಗಲು 78 ವರ್ಷ!

ಬ್ರೆಸಿಯಾಕ್ ಅವರ ಹೆಸರು ಪುಸ್ತಕದಲ್ಲಿ ಉಳಿದಿದೆ. 2020ರಲ್ಲಿ ರೋಮಿನವರು ಅವರನ್ನು ವಂದನೀಯರೆಂದು ಸಾರಿದ್ದಾರೆ, ಸಂತ ಪದವಿಯ ದಾರಿಯಲ್ಲಿ ಅದು ಒಂದು ಮೆಟ್ಟಿಲು. ನಮ್ಮ ಉಪದೇಶಿಗಳಲ್ಲಿ ಹೆಚ್ಚಿನವರ ಹೆಸರು ಎಲ್ಲಿಯೂ ಇಲ್ಲ. ನಿಮ್ಮ ಶಾಲೆಯ ಮಕ್ಕಳಲ್ಲಿ ಹಳೆಯ ಕ್ರೈಸ್ತ ಮನೆತನದವರು ಯಾರಾದರೂ ಇದ್ದರೆ, ಅವರ ತಾತನನ್ನೋ ಮುತ್ತಾತನನ್ನೋ ಊರವರು ಉಪದೇಶಿಯಾರ್ ಎಂದು ಕರೆಯುತ್ತಿದ್ದರೇ ಎಂದು ಒಮ್ಮೆ ಕೇಳಿಸಿ ನೋಡಿ. ಮನೆಯ ಹೆಸರಾಗಿಯೂ ಅದು ಉಳಿದಿರಬಹುದು. ಸಿಕ್ಕಿದರೆ ಮಕ್ಕಳ ಕೈಯಲ್ಲೇ ಬರೆಸಿ, ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ.